(2 ಎಸ್‌ಸಿ, ಇಂಕ್) x 6 (24): ಇದರಲ್ಲಿ 24 ಎಲ್ಲಿಂದ ಬಂತು?

ಉಲ್ಲನ್‌ಗುಂಡು:
ಕ್ರೋಶಾ (ಕೊಕ್ಕೆ ಕಡ್ಡಿಯಿಂದ ನೂಲು ಹೆಣೆಯೋದು) ಗೊಂಬೆಯ ತಲೆ ಹಾಕ್ತಿದ್ದೀನಿ. ಪ್ಯಾಟರ್ನ್‌ನ (ಹೆಣೆಯೋ ಸೂಚನೆಯ) 4ನೇ ರೌಂಡ್, ಅಂದ್ರೆ ಸುತ್ತು, ಮೇಲೆ ಬರೆದ ಹಾಗಿದೆ. ಎರಡು ಸಿಂಗಲ್ ಕ್ರೋಶಾ ಸ್ಟಿಚ್ (ಎಸ್‌ಸಿ), ಒಂದು ಇಂಕ್ರೀಸ್ (ಇಂಕ್), ಒಟ್ಟು ಮೂರು. ಆರು ಸಲ ಮಾಡಿದ್ರೆ 18 ತಾನೇ? ಕೊನೆಯ ಬ್ರಾಕೆಟ್‌ನಲ್ಲಿರೋದನ್ನ ಬೇರೆಯಾಗಿ ಹಾಕ್ಬೇಕಾ?

ಕಡ್ಡಿನೂಲು:
ಬೇರೆ ಏನೂ ಹಾಕಬೇಡಿ. ಕೊನೆಯ ಬ್ರಾಕೆಟ್ ಬರೀ ತಾಳೆ ನೋಡೋಕೆ: ರೌಂಡ್ ಮುಗಿದಾಗ ಕೈಯಲ್ಲಿ ಇರಬೇಕಾದ ಒಟ್ಟು ಸ್ಟಿಚ್. ಮೊದಲ ಬ್ರಾಕೆಟ್ ಮತ್ತೆ ಮತ್ತೆ ಮಾಡಬೇಕಾದ ಗುಂಪು.

ಇಂಕ್ರೀಸ್ ಅಂದ್ರೆ ಕೆಳಗಿನ ಒಂದೇ ಸ್ಟಿಚ್‌ನಲ್ಲಿ ಎರಡು ಸಿಂಗಲ್. ಹಾಗಾಗಿ ಒಂದು ಗುಂಪು ಕೆಳಗಿನ 3 ಸ್ಟಿಚ್ ತಿನ್ನುತ್ತೆ, ಮೇಲೆ 4 ಕೊಡುತ್ತೆ. ಆರು ಗುಂಪಿಗೆ ಕೆಳಗೆ 18, ಮೇಲೆ 24. ನಿಮ್ಮ 18 ತಪ್ಪಲ್ಲ, ಅದು 3ನೇ ರೌಂಡಿನ ಲೆಕ್ಕ. ಈ ಎರಡೂ ಲೆಕ್ಕ ಕೂಡಿ ಬಂದ್ರೆ ಪ್ಯಾಟರ್ನ್ ಸರಿಯಾಗಿ ಓದಿದ್ದೀರಿ ಅಂತ.

23 ಬಂದು ಕೆಳಗೆ ಏನೂ ಉಳಿದಿಲ್ಲ ಅಂದ್ರೆ ಒಂದು ಇಂಕ್ರೀಸ್ ಬಿಟ್ಟುಹೋಗಿದೆ. 24 ಬಂದೂ ಕೆಳಗೆ ಒಂದು ಖಾಲಿ ಉಳಿದಿದ್ರೆ ಮಧ್ಯೆ ಎಲ್ಲೋ ಒಂದು ಇಂಕ್ರೀಸ್ ಜಾಸ್ತಿ ಹಾಕಿದ್ದೀರಿ, ಇಲ್ಲಾ ಹಿಂದಿನ ರೌಂಡಲ್ಲೇ 19 ಇತ್ತು. ಸುರುಳಿಯಾಗಿ ಹೋಗೋ ಕೆಲಸದಲ್ಲಿ ರೌಂಡ್ ಎಲ್ಲಿ ಶುರು ಅಂತ ಕಾಣಲ್ಲ. ಮೊದಲ ಸ್ಟಿಚ್‌ಗೆ ಮಾರ್ಕರ್ ಹಾಕಿ, ಬೇರೆ ಬಣ್ಣದ ದಾರದ ತುಂಡಾದ್ರೂ ಸಾಕು. ಎಣಿಸುವಾಗ ಅಂಚಿನ ಮೇಲೆ ಕಾಣೋ 'ವಿ' ಆಕಾರಗಳನ್ನ ಎಣಿಸಿ. ಕಡ್ಡಿ ಮೇಲಿರೋ ಕುಣಿಕೆ ಲೆಕ್ಕಕ್ಕಿಲ್ಲ.

ಸರಪಳಿ22:
ಬ್ರಾಕೆಟ್ ಎಲ್ಲಾ ಕಡೆ ಒಂದೇ ಅರ್ಥ ಕೊಡಲ್ಲ. ಸ್ವೆಟರ್ ಪ್ಯಾಟರ್ನ್‌ನಲ್ಲಿ 72 (80, 88) ಅಂತಿದ್ರೆ ಅದು ಸೈಜ್: ಚಿಕ್ಕದಕ್ಕೆ 72, ಮುಂದಿನವಕ್ಕೆ 80, 88. ಶುರುಮಾಡೋ ಮೊದಲೇ ನಿಮ್ಮ ಸೈಜಿನ ಅಂಕಿಗೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿಬಿಡಿ. ನಕ್ಷತ್ರ ಚಿಹ್ನೆಯಿಂದ 'ಇನ್ನೂ 5 ಸಲ' ಅಂತಿದ್ರೆ ಮೊದಲನೆಯದೂ ಸೇರಿ ಆರು. ಬರೀ 'ರಿಪೀಟ್ 6' ಅಂತ ಬರೆಯೋರ ಪ್ಯಾಟರ್ನ್‌ನಲ್ಲಿ ಮೊದಲನೆಯದು ಸೇರಿದೆಯೋ ಇಲ್ವೋ ಗೊತ್ತಾಗಲ್ಲ, ಕೊನೆಯ ಮೊತ್ತವನ್ನೇ ನಂಬಬೇಕು.

ಸಾಲಾಗಿ ಹಾಕೋ ಕೆಲಸದಲ್ಲಿ ಲೆಕ್ಕ ಕೆಡೋದು ಸಾಲು ಮುಗಿಸಿ ತಿರುಗಿಸುವಾಗ ಎತ್ತರಕ್ಕೆ ಹಾಕೋ ಚೈನ್‌ನಿಂದ (ಸರಪಳಿ ಕುಣಿಕೆ). 20 ಸಿಂಗಲ್ ಬೇಕಾದ್ರೆ 21 ಚೈನ್ ಹಾಕಿ, ಕಡ್ಡಿಯಿಂದ ಎರಡನೇ ಚೈನ್‌ನಲ್ಲಿ ಶುರು. 20 ಡಬಲ್‌ಗೆ (ಸಿಂಗಲ್‌ಗಿಂತ ಎತ್ತರದ ಸ್ಟಿಚ್) 22 ಚೈನ್, ನಾಲ್ಕನೆಯದರಲ್ಲಿ ಶುರು: ಬಿಟ್ಟ ಮೂರು ಚೈನೇ ಒಂದು ಡಬಲ್, ಉಳಿದ 19ರಲ್ಲಿ 19. ಮುಂದಿನ ಸಾಲಿನ ಕೊನೆಗೆ ಆ ಮೂರು ಚೈನಿನ ತುದಿಯಲ್ಲೂ ಒಂದು ಡಬಲ್ ಹಾಕ್ಬೇಕು. ಮರೆತ್ರೆ ಸಾಲಿಗೊಂದು ಸ್ಟಿಚ್ ಕಮ್ಮಿಯಾಗಿ ಬಟ್ಟೆ ಕಿರಿದಾಗ್ತಾ ಹೋಗುತ್ತೆ. 'ಚೈನ್ 3 ಲೆಕ್ಕಕ್ಕಿಲ್ಲ' ಅಂತ ಬರೆದಿದ್ರೆ ಮಾತ್ರ ಬೇರೆ ನಿಯಮ.

ಇನ್ನೊಂದು, ಬ್ರಿಟಿಷ್ ಪ್ಯಾಟರ್ನ್‌ನ ಡಿಸಿ (ಡಬಲ್ ಕ್ರೋಶಾ) ಅಂದ್ರೆ ಅಮೆರಿಕದ ಎಸ್‌ಸಿ. ನಿಮ್ಮದರಲ್ಲಿ ಎಸ್‌ಸಿ ಇರೋದ್ರಿಂದ ಅದು ಅಮೆರಿಕದ್ದೇ.

ಉಲ್ಲನ್‌ಗುಂಡು:
ಲೆಕ್ಕ ಹತ್ತಿತು. ಮುಂದೆ 'ರೌಂಡ್ 6–10: ಎಸ್‌ಸಿ (30)' ಅಂತಿದೆ. ಐದೂ ರೌಂಡ್ ಸೇರಿ 30 ಆ?

ಕಡ್ಡಿನೂಲು:
ಅಲ್ಲ, ಪ್ರತಿ ರೌಂಡಿಗೂ 30. ಇಂಕ್ರೀಸ್ ಇಲ್ಲದ್ದಕ್ಕೆ ಅಗಲ ನಿಂತು ಎತ್ತರ ಬೆಳೆಯುತ್ತೆ. 6 ಮತ್ತು 10 ಎರಡೂ ಸೇರಿ ಐದು ರೌಂಡ್, ನಾಲ್ಕಕ್ಕೆ ನಿಲ್ಲಿಸಬೇಡಿ.