ಡೆಬ್ಯುಸಿ ಮ್ಯೂಸಿಕ್‌ನ ಇಂಪ್ರೆಷನಿಸಂ ಅನ್ನೋದ್ಯಾಕೆ?

ಪ್ರಶ್ನೆ: ಇಂಪ್ರೆಷನಿಸ್ಟ್ ಚಿತ್ರಕಾರ ಮೊನೆಯ ಪೇಂಟಿಂಗ್ ಮಂಜುಮಂಜಾಗಿ ಕಾಣುತ್ತೆ ಸರಿ, ಆದ್ರೆ ಫ್ರೆಂಚ್ ಸಂಗೀತ ರಚನೆಕಾರ ಡೆಬ್ಯುಸಿಯ ಸಂಗೀತಕ್ಕೂ ಅದೇ ಹೆಸ್ರು ಯಾಕೆ? ಬಾಖ್ ಸಂಗೀತ ಕೇಳಿ ಅಭ್ಯಾಸ ಇರೋ ನಂಗೆ ಇದು ಎಲ್ಲಿ ಶುರುವಾಯ್ತು ಎಲ್ಲಿ ಮುಗೀತು ಅಂತಾನೇ ಗೊತ್ತಾಗಲ್ಲ.

ಉತ್ತರ: ಅದೇ ಗುರು ಪಾಯಿಂಟು! ಮೊನೆ ಗೆರೆ ಬಿಟ್ಟು ಬೆಳಕು ಹಿಡಿದ, ಡೆಬ್ಯುಸಿ ಹೋಲ್‌ಟೋನ್ ಸ್ಕೇಲ್ (ಸಮ ಅಂತರದ ಆರು ಸ್ವರಗಳ ಸಾಲು) ಹಾಕಿ ಸ್ವರ ವಾಪಸ್ ಮನೆಗೆ, ಅಂದ್ರೆ ಆಧಾರ ಸ್ವರಕ್ಕೆ, ಬರ್ಬೇಕು ಅನ್ನೋ ಎಳೆತಾನೇ ಸಡಿಲ ಮಾಡ್ಬಿಟ್ಟ, ಅದಕ್ಕೇ ತೇಲ್ದಂಗೆ ಅನ್ಸೋದು.

ಉತ್ತರ: ಆದ್ರೆ ಡೆಬ್ಯುಸಿಗೆ ಆ ಇಂಪ್ರೆಷನಿಸಂ ಲೇಬಲ್ ಕಂಡ್ರೇ ಆಗ್ತಿರ್ಲಿಲ್ಲ. 1905ರಲ್ಲಿ ಅವ್ನ ‘ಲಾ ಮೆರ್’ (ಸಮುದ್ರ) ಕೃತಿಯ ಸ್ವರಲಿಪಿ ಪುಸ್ತಕದ ಕವರ್ ಮೇಲೆ ಬಂದಿದ್ದು ಮೊನೆ ಚಿತ್ರ ಅಲ್ಲ, ಜಪಾನಿನ ಚಿತ್ರಕಾರ ಹೊಕುಸಾಯ್ ಬರೆದ ಅಲೆ.

ಉತ್ತರ: ಸಂಗೀತದಿಂದ ಚಿತ್ರಕ್ಕೆ ಹೋದೋರೂ ಇದಾರೆ. ರಷ್ಯಾದ ಚಿತ್ರಕಾರ ಕ್ಯಾಂಡಿನ್‌ಸ್ಕಿನ ನೋಡಿ, 1911ರಲ್ಲಿ ಮ್ಯೂನಿಕ್‌ನಲ್ಲಿ ಸಂಗೀತ ರಚನೆಕಾರ ಶೋನ್‌ಬರ್ಗ್‌ನ ಕೃತಿಗಳ ಕಛೇರಿ ಕೇಳ್ಕೊಂಡ್ ಬಂದು ಚಿತ್ರ ಬರೆದ, ಪಿಯಾನೋ ಬರೀ ಒಂದು ಕರೀ ಆಕಾರ, ಪಕ್ಕದಲ್ಲಿ ಹಳದಿ ಉಕ್ಕಿ ಹರೀತಿದೆ.