ಏಳು ತಿಂಗಳಿಗೇ ಫಿಟ್‌ನೆಸ್ ಬ್ಯಾಂಡ್ ಕೈಕೊಟ್ಟಿದೆ: ನಾಡಿ 170, ಚಾರ್ಜ್ ನಿಲ್ಲುತ್ತಿಲ್ಲ, ಗಾಜಿನೊಳಗೆ ಮಂಜು

ಡೊಂಬಿವಲಿ ಓಟಗಾರ್ತಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ನನಗೆ 43 ವರ್ಷ. ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಹಾಫ್ ಓಡಬೇಕು ಎಂದು ತಯಾರಿ ಮಾಡುತ್ತಿದ್ದೇನೆ. ಅದಕ್ಕೆಂದೇ ಈ ಜನವರಿಯಲ್ಲಿ ಒಂದು ಬ್ಯಾಂಡ್ ತೆಗೆದುಕೊಂಡೆ. ಈಗ ಆಗಸ್ಟ್. ಕಂಪನಿ ಹೆಸರು ಹೇಳುವುದಿಲ್ಲ, ನನಗೆ ಜಗಳ ಬೇಡ, ಪರಿಹಾರ ಬೇಕು.

ಮೊದಲನೆಯದು ನಾಡಿ. ನಾನು ನಿಧಾನಕ್ಕೆ ಓಡುತ್ತಿರುತ್ತೇನೆ, ಪಕ್ಕದವರ ಜೊತೆ ಮಾತಾಡಿಕೊಂಡೇ ಓಡುತ್ತೇನೆ, ಆದರೂ ಬ್ಯಾಂಡ್ 168, 170 ಎಂದು ತೋರಿಸುತ್ತದೆ. 220ರಲ್ಲಿ ವಯಸ್ಸು ಕಳೆದರೆ ಹೃದಯದ ಅತಿ ಹೆಚ್ಚು ಬಡಿತದ ಅಂದಾಜು ಸಿಗುತ್ತದಂತೆ, ನನಗೆ 177 ಬರುತ್ತದೆ. ಅಂದರೆ ಹೆಚ್ಚುಕಮ್ಮಿ ಕೊನೆಯ ಮಿತಿ, ಅಲ್ವಾ? ಮನೆಯವರು ಹೆದರಿ ಇಸಿಜಿ ಮಾಡಿಸಿದರು. ಎಲ್ಲ ಸರಿ ಇದೆ ಎಂದರು ಡಾಕ್ಟರ್. ಆದರೂ ಮೂರು ತಿಂಗಳಿಂದ ನಾನು ಹೆದರಿ ಹೆದರಿ ಓಡುತ್ತಿದ್ದೇನೆ.

ಎರಡನೆಯದು ಬ್ಯಾಟರಿ. ಮೊದಲು ವಾರ ಬರುತ್ತಿತ್ತು, ಈಗ ಎರಡು ದಿನಕ್ಕೆ ಖಾಲಿ. ಚಾರ್ಜರ್ ಅನ್ನು ಒಂದು ಕಡೆ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ. ಮೂರನೆಯದು, ಜುಲೈ ಮಳೆಯಲ್ಲಿ ನೆನೆದ ಮೇಲೆ ಗಾಜಿನೊಳಗೆ ಮಂಜು ಕಟ್ಟಿದೆ, ಮುಟ್ಟದಿದ್ದರೂ ಪರದೆ ತಾನಾಗಿಯೇ ಓಡಾಡುತ್ತದೆ. ಇನ್ನೊಂದು, ಡೊಂಬಿವಲಿಯಿಂದ ದಾದರ್‌ವರೆಗೆ ಲೋಕಲ್ ರೈಲಿನಲ್ಲಿ ನಿಂತೇ ಹೋಗುತ್ತೇನೆ, ಇಳಿದು ನೋಡಿದರೆ ನೂರಾರು ಹೆಜ್ಜೆ ಸೇರಿರುತ್ತವೆ.

ಸರ್ವಿಸ್ ಸೆಂಟರ್‌ಗೆ ಹೋದೆ. ಐದು ನಿಮಿಷವೂ ನೋಡಲಿಲ್ಲ, ನೀರು ಹೋಗಿದೆ, ವಾರಂಟಿ ಸಿಗಲ್ಲ ಎಂದು ವಾಪಸ್ ಕೊಟ್ಟರು. ಡಬ್ಬದ ಮೇಲೆ 50 ಮೀಟರ್ ಎಂದು ದೊಡ್ಡದಾಗಿ ಬರೆದಿದ್ದಾರೆ, ಈಜುವವರ ಚಿತ್ರವೂ ಇದೆ. ತುಂಬಾ ಬೇಜಾರಾಗಿದೆ. ತಿಂಗಳುಗಟ್ಟಲೆ ಉಳಿಸಿದ ದುಡ್ಡು ಅದು.

ಥಾಣೆ ಕೆರೆದಂಡೆ:
ಅಕ್ಕಾ, ಮೊದಲು ನಾಡಿಯ ವಿಷಯ ಹೇಳುತ್ತೇನೆ, ಏಕೆಂದರೆ ಅದರಿಂದಲೇ ನಿಮಗೆ ಹೆದರಿಕೆ ಆಗಿರುವುದು. ನಾಳೆ ಓಡುವಾಗ ಒಂದು ಕೆಲಸ ಮಾಡಿ. 30 ಸೆಕೆಂಡಿನಲ್ಲಿ ಎಷ್ಟು ಹೆಜ್ಜೆ ಬೀಳುತ್ತದೆ ಎಂದು ಎಣಿಸಿ, ಎರಡೂ ಕಾಲಿನದು. ಅದನ್ನು ಎರಡರಿಂದ ಗುಣಿಸಿ. ಕೂಡಲೇ ನಿಂತು ಕುತ್ತಿಗೆಯ ಪಕ್ಕ ಬೆರಳಿಟ್ಟು 15 ಸೆಕೆಂಡು ನಾಡಿ ಎಣಿಸಿ, ನಾಲ್ಕರಿಂದ ಗುಣಿಸಿ. ನಿಂತು ಜಾಸ್ತಿ ಹೊತ್ತು ಬಿಡಬೇಡಿ, ನಾಡಿ ಬೇಗ ಇಳಿಯುತ್ತದೆ. ಆಗ ಬ್ಯಾಂಡ್ ತೋರಿಸಿದ್ದೂ ಸೇರಿ ಮೂರೂ ಅಂಕಿ ಇಲ್ಲಿ ಹಾಕಿ.

ಏಕೆ ಕೇಳುತ್ತಿದ್ದೇನೆ ಅಂದರೆ, ಬ್ಯಾಂಡ್ ನಿಮ್ಮ ಹೃದಯವನ್ನು ನೇರವಾಗಿ ನೋಡುವುದಿಲ್ಲ. ಅಡಿಯಲ್ಲಿರುವ ಹಸಿರು ಲೈಟು ಚರ್ಮದೊಳಗೆ ಬೆಳಕು ಬಿಡುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನಲ್ಲಿ ರಕ್ತ ಹೆಚ್ಚು ಕಡಿಮೆ ಆಗುತ್ತದೆ, ವಾಪಸ್ ಬರುವ ಬೆಳಕಿನ ಏರಿಳಿತ ನೋಡಿ ಅದು ಲೆಕ್ಕ ಹಾಕುತ್ತದೆ. ಪಟ್ಟಿ ಸಡಿಲ ಇದ್ದರೆ ಓಡುವಾಗ ಬ್ಯಾಂಡೇ ಕುಣಿಯುತ್ತದೆ. ಆಗ ಬೆಳಕಿನ ಏರಿಳಿತ ನಿಮ್ಮ ಹೆಜ್ಜೆಯ ತಾಳಕ್ಕೆ ಬರುತ್ತದೆ, ಬಡಿತದ ತಾಳಕ್ಕಲ್ಲ. ನಿಧಾನಕ್ಕೆ ಓಡುವವರಿಗೂ ನಿಮಿಷಕ್ಕೆ 160, 170 ಹೆಜ್ಜೆ ಸಾಮಾನ್ಯ. ನಿಮ್ಮ 168, 170 ನೋಡಿ ನನಗೆ ಅದೇ ಅನುಮಾನ. ನನಗೂ ಹೀಗೇ ಆಗಿತ್ತು.

ಲೋಕಲ್‌ನಲ್ಲಿ ಸೇರುವ ಹೆಜ್ಜೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕೈ ಕುಲುಕಿದರೆ ಅದು ಹೆಜ್ಜೆ ಎಂದುಕೊಳ್ಳುತ್ತದೆ. ಅದು ಕೆಟ್ಟಿರುವ ಲಕ್ಷಣ ಅಲ್ಲ.

ಪಿಂಪ್ರಿ ರಿಪೇರಿ:
ಪುಣೆಯಲ್ಲಿ ಹದಿನೈದು ವರ್ಷದಿಂದ ಫೋನ್, ವಾಚ್ ರಿಪೇರಿ ಮಾಡುತ್ತಿದ್ದೇನೆ. ಮೊದಲ ಮಾತು: ಒಳಗೆ ಮಂಜು ಇರುವಾಗ ಚಾರ್ಜ್ ಮಾಡಲೇಬೇಡಿ. ಸ್ವಿಚ್ ಆಫ್ ಮಾಡಿ. ಹೊಸ ಚಪ್ಪಲಿ, ಬ್ಯಾಗಿನ ಡಬ್ಬದಲ್ಲಿ ಬರುತ್ತವಲ್ಲ, ಸಿಲಿಕಾ ಜೆಲ್ ಪೊಟ್ಟಣಗಳು, ಅವುಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎರಡು ಮೂರು ದಿನ ಇಡಿ. ಅಕ್ಕಿಯಲ್ಲಿ ಇಡಬೇಡಿ, ಪುಡಿ ಸೇರುತ್ತದೆ. ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ, ಬಿಸಿಗೆ ಗಾಜಿನ ಅಂಟು ಬಿಡುತ್ತದೆ.

ಆಮೇಲೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಗಾಜು ಒಂದು ಕಡೆ ಮೇಲೆದ್ದಿದೆಯಾ? ಎದ್ದಿದ್ದರೆ ಬ್ಯಾಟರಿ ಉಬ್ಬಿರಬಹುದು. ಆಗ ಕೈಗೆ ಕಟ್ಟಬೇಡಿ, ಚುಚ್ಚಬೇಡಿ, ಒತ್ತಬೇಡಿ. ಇದು ಲಿಥಿಯಂ ಬ್ಯಾಟರಿ, ಆಟ ಅಲ್ಲ.

ಗಾಜು ಸಮ ಇದ್ದರೆ ಹಿಂದಿನ ಪಿನ್ ನೋಡಿ. ನನ್ನ ಹತ್ತಿರ ಬರುವ ಹತ್ತು ಬ್ಯಾಂಡಿನಲ್ಲಿ ಹೆಚ್ಚಿನವು ಸಾಯುವುದು ಇಲ್ಲೇ. ಬೆವರಿನ ಉಪ್ಪು ಪಿನ್ ಮೇಲೆ ಕೂರುತ್ತದೆ. ಓಡಿ ಬಂದ ಕೂಡಲೇ ಒದ್ದೆ ಬ್ಯಾಂಡನ್ನು ಚಾರ್ಜಿಗೆ ಹಾಕಿದರೆ ಆ ಉಪ್ಪುನೀರಿನಲ್ಲಿ ಕರೆಂಟು ಹರಿದು ಲೋಹವನ್ನೇ ತಿನ್ನುತ್ತದೆ, ಹಸಿರೋ ಬಿಳಿಯೋ ಪುಡಿ ಕಾಣುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಹಾಕಿ ಮೆಲ್ಲಗೆ ಉಜ್ಜಿ. ಚಾರ್ಜರ್ ಕಡೆಯ ಪಿನ್ ಕೂಡ ಒರೆಸಿ, ಅದನ್ನು ಎಲ್ಲರೂ ಮರೆಯುತ್ತಾರೆ. ಬ್ಲೇಡು, ಸೂಜಿ ಬೇಡ. ಫೋನಿನ ಫಾಸ್ಟ್ ಚಾರ್ಜರ್ ಬಿಟ್ಟು ಹಳೆಯ 5 ವೋಲ್ಟ್, 1 ಆಂಪಿಯರ್ ಅಡಾಪ್ಟರ್ ಬಳಸಿ. ಇಡೀ ದಿನ ರಕ್ತದ ಆಕ್ಸಿಜನ್ ಅಳೆಯುವುದು, ಯಾವಾಗಲೂ ಉರಿಯುವ ಪರದೆ, ಇವೆರಡನ್ನು ಆಫ್ ಮಾಡಿ. ಬ್ಯಾಟರಿ ಎಷ್ಟು ದಿನ ಬರುತ್ತದೆ ಎಂದು ಆಮೇಲೆ ನೋಡೋಣ.

ಒಂದು ಪ್ರಶ್ನೆ. ಬ್ಯಾಂಡ್ ಕಟ್ಟಿಕೊಂಡೇ ಸ್ನಾನ ಮಾಡುತ್ತೀರಾ?

ಡೊಂಬಿವಲಿ ಓಟಗಾರ್ತಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಎಣಿಸಿದೆ. 30 ಸೆಕೆಂಡಿಗೆ 84 ಹೆಜ್ಜೆ, ಅಂದರೆ 168. ಬ್ಯಾಂಡಿನಲ್ಲಿ 169. ಕುತ್ತಿಗೆಯಲ್ಲಿ 15 ಸೆಕೆಂಡಿಗೆ 34, ಅಂದರೆ 136!

ರಸ್ತೆ ಬದಿಯಲ್ಲೇ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಮೂರು ತಿಂಗಳು ನನ್ನ ಹೃದಯಕ್ಕೆ ಏನೋ ಆಗಿದೆ ಎಂದುಕೊಂಡು ರಾತ್ರಿ ಎದ್ದೆದ್ದು ಕೂರುತ್ತಿದ್ದೆ. ಇದೊಂದು ಮಾತನ್ನು ಡಬ್ಬದೊಳಗಿನ ಕಾಗದದಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಸ್ನಾನದ ಪ್ರಶ್ನೆಗೆ: ಹೌದು, ದಿನಾ ಬಿಸಿನೀರು, ಸೋಪು, ಬ್ಯಾಂಡ್ ಕೈಯಲ್ಲೇ. 50 ಮೀಟರ್ ಎಂದರೆ ಬಕೆಟ್ ನೀರಿಗೆ ಏನಾಗುತ್ತದೆ ಎಂದುಕೊಂಡಿದ್ದೆ.

ವಾಸ್ಕೋ ಕಡಲು:
ಗೋವಾದಿಂದ ಬರೆಯುತ್ತಿದ್ದೇನೆ, ವಾರಕ್ಕೆ ಮೂರು ದಿನ ಬೊಗ್ಮಾಲೊದಲ್ಲಿ ಈಜುತ್ತೇನೆ. 50 ಮೀಟರ್ ಅಥವಾ 5 ಎಟಿಎಂ (ಒತ್ತಡದ ಅಳತೆ) ಅಂದರೆ 50 ಮೀಟರ್ ಆಳಕ್ಕೆ ಹೋಗಬಹುದು ಎಂದಲ್ಲ. ಅಷ್ಟು ಆಳದಲ್ಲಿ ಇರುವ ಒತ್ತಡವನ್ನು ಹೊಸ ಬ್ಯಾಂಡ್ ಅಲುಗಾಡದ ನೀರಿನಲ್ಲಿ ಸ್ವಲ್ಪ ಹೊತ್ತು ತಡೆಯುತ್ತದೆ ಎಂದು ಅರ್ಥ. ಬಿಸಿನೀರು, ಹಬೆ, ಸೋಪು ಬೇರೆ ವಿಷಯ. ಅವು ರಬ್ಬರ್ ಸೀಲು, ಅಂಟು ಎರಡನ್ನೂ ದಿನಾ ಸ್ವಲ್ಪ ಸ್ವಲ್ಪ ಸವೆಸುತ್ತವೆ. ಸಮುದ್ರದಿಂದ ಬಂದ ಮೇಲೆ ನಾನು ಪ್ರತಿಸಲ ಸಿಹಿನೀರಿನಲ್ಲಿ ತೊಳೆದು ಒರೆಸುತ್ತೇನೆ, ನನ್ನದು ಮೂರನೆಯ ವರ್ಷ ನಡೆಯುತ್ತಿದೆ. ಹಾಗಾಗಿ ಕಂಪನಿಯದೇ ಪೂರ್ತಿ ತಪ್ಪು ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಪಿಂಪ್ರಿ ರಿಪೇರಿ:
ಅಣ್ಣಾ, ನೀವು ಹೇಳಿದ್ದು ಸರಿ, ಆದರೆ ಅರ್ಧ. ಸೀಲು ಸವೆಯುತ್ತದೆ ಎಂದು ಕಂಪನಿಗೆ ಗೊತ್ತು. ಗೊತ್ತಿದ್ದೂ ಈಜುವವರ ಚಿತ್ರ ದೊಡ್ಡದಾಗಿ, ಬಿಸಿನೀರು ಬೇಡ ಎನ್ನುವುದು ಇರುವೆಯಷ್ಟು ಅಕ್ಷರದಲ್ಲಿ. ಅಕ್ಕ ಅದನ್ನು ನಂಬಿ ದುಡ್ಡು ಕೊಟ್ಟಿದ್ದಾರೆ. ಅವರು ಕೇಳಬೇಕು.

ಅಕ್ಕಾ, ಹೀಗೆ ಮಾಡಿ. ಸರ್ವಿಸ್ ಸೆಂಟರ್‌ನಲ್ಲಿ ಬಾಯಿಮಾತು ಕೇಳಬೇಡಿ, ಏಕೆ ಕೊಡುವುದಿಲ್ಲ ಎಂದು ಬರೆದು ಕೊಡಿ ಎನ್ನಿ. ಬಿಲ್ಲು, ಡಬ್ಬದ ಫೋಟೋ, ಮಂಜಿನ ಫೋಟೋ ಹಾಕಿ ಕಂಪನಿಗೆ ಇಮೇಲ್ ಮಾಡಿ. ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಊರಲ್ಲೇ ದೂರು ಕೊಡಬಹುದು, ಕಂಪನಿ ಯಾವ ಊರಲ್ಲಿದ್ದರೂ ಪರವಾಗಿಲ್ಲ. ಎರಡು ವರ್ಷದೊಳಗೆ ಕೊಡಬೇಕು.

ಥಾಣೆ ಕೆರೆದಂಡೆ:
ನಾಡಿಗೆ ಇನ್ನೊಂದು ಮಾತು. ಮುಂದೆ ಯಾವ ಬ್ಯಾಂಡ್ ಕಟ್ಟಿದರೂ ಮಣಿಕಟ್ಟಿನ ಮೂಳೆಯಿಂದ ಎರಡು ಬೆರಳು ಮೇಲೆ ಕಟ್ಟಿ, ಓಡುವಾಗ ಮಾತ್ರ ಒಂದು ತೂತು ಬಿಗಿ ಮಾಡಿ, ಮುಗಿದ ಮೇಲೆ ಸಡಿಲಿಸಿ. ಅಷ್ಟಾದರೂ ಅಂಕಿ ಜಿಗಿದರೆ ಎದೆಗೆ ಕಟ್ಟುವ ಪಟ್ಟಿ ತಗೊಳ್ಳಿ. ಅದು ಬೆಳಕಲ್ಲ, ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ, ಹೆಜ್ಜೆಯ ಗೊಂದಲ ಬರುವುದಿಲ್ಲ. ಕಟ್ಟುವ ಮುಂಚೆ ಒಳಭಾಗವನ್ನು ಸ್ವಲ್ಪ ಒದ್ದೆ ಮಾಡಬೇಕು.

ಡೊಂಬಿವಲಿ ಓಟಗಾರ್ತಿ:
ಐದು ವಾರದ ನಂತರ ಬರೆಯುತ್ತಿದ್ದೇನೆ. ಪಿನ್ ಒರೆಸಿದ ಮೇಲೆ ಹಿಡಿದುಕೊಳ್ಳದೆ ಚಾರ್ಜ್ ಆಯಿತು, ಹತ್ತಿ ಕಡ್ಡಿ ಹಸಿರಾಗಿ ಬಂತು. ಬ್ಯಾಟರಿ ಐದು ದಿನ ಬಂತು. ಆದರೆ ಮಂಜು ಮತ್ತೆ ಕಟ್ಟಿತು. ಇಮೇಲ್‌ಗೆ ಎರಡು ಸಲ ಅದೇ ರೆಡಿಮೇಡ್ ಉತ್ತರ ಬಂತು. 1915ರಲ್ಲಿ ದೂರು ಕೊಟ್ಟ ಮೇಲೆ ಕಂಪನಿಯವರೇ ಫೋನ್ ಮಾಡಿ, ಅದೇ ಮಾಡೆಲ್ ಬದಲಿ ಕಳಿಸಿದರು. ಇದನ್ನು ಸ್ನಾನಕ್ಕೆ ಮುಂಚೆ ಬಿಚ್ಚಿ ಇಡುತ್ತೇನೆ. ಬಿಗಿಯಾಗಿ ಮೇಲೆ ಕಟ್ಟಿದರೂ ಇಳಿಜಾರಿನಲ್ಲಿ ನಾಡಿ ಒಮ್ಮೊಮ್ಮೆ 165ಕ್ಕೆ ಹಾರುತ್ತದೆ. ಹಾಗಾಗಿ ಓಟದ ಗುಂಪಿನ ಒಬ್ಬರಿಂದ ಎದೆಪಟ್ಟಿ ತಗೊಂಡೆ. ಭಾನುವಾರ 14 ಕಿಲೋಮೀಟರ್ ಓಡಿದೆ, ಸರಾಸರಿ 141.

ಬದಲಿ ಬ್ಯಾಂಡ್ ಜೊತೆ ಹೊಸ ಚಾರ್ಜರ್ ಬಂದಿದೆ, ಹಳೆಯದು ಸುಮ್ನೆ ಬಿದ್ದಿದೆ. ಎರಡು ಪಿನ್ನಿನದು, ಒರೆಸಿ ಇಟ್ಟಿದ್ದೇನೆ. ಯಾರಿಗಾದರೂ ಬೇಕಿದ್ದರೆ ಹೇಳಿ, ದಾದರ್‌ನಲ್ಲಿ ಸಂಜೆ ಕೊಡುತ್ತೇನೆ.