ಮನೆಯಲ್ಲೇ ಎಥೀರಿಯಂ ನೋಡ್, ಐಪಿಎಫ್ಎಸ್ – ದಾವಣಗೆರೆ ಕಡೆ ಯಾರಾದರೂ ಓಡಿಸುತ್ತಿದ್ದೀರಾ?

ಬೆಣ್ಣೆನಗರಿ_ಪಿಸಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಅಸೆಂಬಲ್ ಮಾಡಿಸಿದ ಪಿಸಿ ಇದೆ. ಐ5 ಎಂಟನೇ ಜನರೇಶನ್, 16 ಜಿಬಿ ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ, ಜೊತೆಗೆ 2 ಟಿಬಿ ಹಾರ್ಡ್ ಡಿಸ್ಕ್. ಆಫೀಸಿನವರು ಲ್ಯಾಪ್‌ಟಾಪ್ ಕೊಟ್ಟ ಮೇಲೆ ಇದು ಸುಮ್ನೆ ಕೂತಿದೆ. ಇದರಲ್ಲಿ ಎಥೀರಿಯಂ ನೋಡ್ ಓಡಿಸೋಣ ಅಂತ ಆಸೆ, ಅಂದರೆ ಎಥೀರಿಯಂ ಬ್ಲಾಕ್‌ಚೈನಿನ ದಾಖಲೆಯನ್ನು ನಮ್ಮದೇ ಪಿಸಿಯಲ್ಲಿ ಇಟ್ಟು ಪರಿಶೀಲಿಸುವುದು.

ಡೀಸೆಂಟ್ರಲೈಸ್ಡ್ (ಯಾವ ಒಬ್ಬರ ಹಿಡಿತದಲ್ಲೂ ಇಲ್ಲದ) ಆ್ಯಪ್ ಅಂತ ಹೇಳುತ್ತಾರೆ, ಆದರೆ ಅದರಲ್ಲಿ ಎಷ್ಟೋ ಆ್ಯಪ್‌ಗಳು ಕೊನೆಗೆ ಒಂದೆರಡು ಕಂಪನಿಗಳ ಸರ್ವರ್ ಮೂಲಕವೇ ಚೈನ್ ಮುಟ್ಟುತ್ತವೆ. ಮೆಟಾಮಾಸ್ಕ್ ಅನ್ನುವ ಕ್ರಿಪ್ಟೋ ವಾಲೆಟ್ ಹಾಕಿಕೊಂಡರೆ, ನಾವಾಗಿ ಸೆಟ್ಟಿಂಗ್ ಬದಲಾಯಿಸದಿದ್ದರೆ ಅದು ಹೋಗುವುದು ಇಂಥದ್ದೇ ಒಂದು ಸರ್ವರ್ ಸೇವೆಯಾದ ಇನ್‌ಫ್ಯೂರಾಗೆ. 2020ರ ನವೆಂಬರ್‌ನಲ್ಲಿ ಇನ್‌ಫ್ಯೂರಾ ಕೆಲವು ಗಂಟೆ ನಿಂತಾಗ ಚೈನ್ ನಡೆಯುತ್ತಲೇ ಇತ್ತು, ಆದರೂ ಎಷ್ಟೋ ಜನರ ವಾಲೆಟ್ ಕೆಲಸ ಮಾಡಲಿಲ್ಲ. ನಮ್ಮದೇ ನೋಡ್ ಇದ್ದರೆ ಯಾರನ್ನೂ ಕಾಯಬೇಕಿಲ್ಲ, ಅಲ್ವಾ?

ಇನ್ನೊಂದು ಆಸೆ ಇದೆ. ನಾವು ಗೆಳೆಯರು ಸೇರಿ ಹರಿಹರೇಶ್ವರ ದೇವಸ್ಥಾನದ ಶಾಸನಗಳ ಫೋಟೋ ತೆಗೆದಿಟ್ಟಿದ್ದೇವೆ. ಒಬ್ಬರ ಡ್ರೈವ್ ಅಕೌಂಟಿನಲ್ಲಿ ಇಡುವ ಬದಲು ಅವನ್ನು ಐಪಿಎಫ್ಎಸ್‌ನಲ್ಲಿ (ಹಲವರ ಕಂಪ್ಯೂಟರ್‌ಗಳು ಸೇರಿ ಫೈಲ್ ಹಂಚಿಕೊಳ್ಳುವ ಜಾಲ) ಇಡಬೇಕು ಅಂತ. ಈ ಪಿಸಿ ಸಾಕಾ? ಕರೆಂಟ್ ಬಿಲ್ ಎಷ್ಟು ಬರಬಹುದು? ನೋಡ್ ಓಡಿಸಿದರೆ ದುಡ್ಡು ಬರುತ್ತೆ ಅಂತ ಒಬ್ಬರು ಹೇಳಿದರು, ಅದು ನಿಜವಾ?

ಕೋಟೆನಾಡು (ಚಿತ್ರದುರ್ಗ)

ಒಳ್ಳೆಯ ಯೋಚನೆ ಗುರು. ಆದರೆ ಎರಡನ್ನೂ ಒಟ್ಟಿಗೆ ಶುರು ಮಾಡಬೇಡಿ.

ಎಥೀರಿಯಂಗೆ ನಿಮ್ಮ ಹಾರ್ಡ್ ಡಿಸ್ಕ್ ಆಗುವುದೇ ಇಲ್ಲ. ಪ್ರತಿ 12 ಸೆಕೆಂಡಿಗೆ ಹೊಸ ಬ್ಲಾಕ್ ಬರುತ್ತೆ. ಅದನ್ನು ಪರಿಶೀಲಿಸಲು ಡಿಸ್ಕಿನಲ್ಲಿ ಎಲ್ಲೆಲ್ಲೋ ಇರುವ ಸಣ್ಣ ಸಣ್ಣ ತುಣುಕುಗಳನ್ನು ಓದಬೇಕು. ತಿರುಗುವ ಡಿಸ್ಕಿಗೆ ಆ ವೇಗ ಇಲ್ಲ, ಹಾಗಾಗಿ ನೋಡ್ ಯಾವತ್ತೂ ಸಿಂಕ್ (ಚೈನಿನ ಇತ್ತೀಚಿನ ಬ್ಲಾಕ್ ವರೆಗೆ ಬರುವುದು) ಮುಗಿಸಲ್ಲ. 2 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಬೇಕೇ ಬೇಕು. ಕೊಳ್ಳುವಾಗ ಟಿಎಲ್‌ಸಿ, ಡಿರ‍್ಯಾಮ್ ಇರುವಂಥದ್ದನ್ನೇ ಕೇಳಿ ತಗೊಳ್ಳಿ. ಅಗ್ಗದ ಕ್ಯೂಎಲ್‌ಸಿ ಡ್ರೈವ್‌ಗಳು ಇಷ್ಟು ಬರೆಯುವ ಕೆಲಸ ತಡೆಯಲ್ಲ. 2025ರಿಂದ ಮುಖ್ಯ ಕ್ಲೈಂಟ್‌ಗಳಲ್ಲಿ (ನೋಡ್ ಓಡಿಸುವ ಸಾಫ್ಟ್‌ವೇರ್) ಹಳೆಯ ಬ್ಲಾಕ್ ಚರಿತ್ರೆ ಬಿಟ್ಟು ಓಡಿಸುವ ಅವಕಾಶ ಬಂದಿದೆ, ಅದರಿಂದ 300–500 ಜಿಬಿ ಉಳಿಯುತ್ತೆ. ರ‍್ಯಾಮ್ 16ರಲ್ಲಿ ಹೇಗೋ ನಡೆಯುತ್ತೆ, 32 ಆದರೆ ನೆಮ್ಮದಿ.

2022ರ ಸೆಪ್ಟೆಂಬರ್‌ನ ಮರ್ಜ್ (ಎಥೀರಿಯಂ ಮೈನಿಂಗ್ ಬಿಟ್ಟು ಡೆಪಾಸಿಟ್ ಪದ್ಧತಿಗೆ ಬಂದದ್ದು) ಆದ ಮೇಲೆ ಎರಡು ಸಾಫ್ಟ್‌ವೇರ್ ಜೊತೆಯಾಗಿ ಓಡಬೇಕು. ವ್ಯವಹಾರಗಳನ್ನು ನಡೆಸುವ ಎಕ್ಸಿಕ್ಯೂಶನ್ ಕ್ಲೈಂಟ್ ಒಂದು, ಯಾವ ಬ್ಲಾಕ್ ಸರಿ ಅಂತ ಬೇರೆ ನೋಡ್‌ಗಳ ಜೊತೆ ಒಪ್ಪಂದಕ್ಕೆ ಬರುವ ಕನ್ಸೆನ್ಸಸ್ ಕ್ಲೈಂಟ್ ಇನ್ನೊಂದು. ನಾನು ಹೇಳುವುದು ನೆದರ್‌ಮೈಂಡ್ ಅಥವಾ ಬೇಸು, ಜೊತೆಗೆ ಲೈಟ್‌ಹೌಸ್ ಅಥವಾ ನಿಂಬಸ್. ಎಲ್ಲರೂ ಗೆತ್ ಅನ್ನುವ ಎಕ್ಸಿಕ್ಯೂಶನ್ ಕ್ಲೈಂಟ್ ಒಂದನ್ನೇ ಹಾಕಿಕೊಂಡರೆ, ಅದರಲ್ಲಿ ಒಂದು ಬಗ್ ಬಂದ ದಿನ ಇಡೀ ನೆಟ್‌ವರ್ಕಿಗೇ ಪೆಟ್ಟು. ನೀವು ಹೇಳಿದ ಇನ್‌ಫ್ಯೂರಾ ಘಟನೆಯೂ ಗೆತ್‌ನ ಹಳೆಯ ವರ್ಶನ್‌ನಿಂದಲೇ ಆಗಿದ್ದು.

ನೆಟ್ ವಿಷಯಕ್ಕೆ ಬಂದರೆ, ಮೊದಲು ರೂಟರ್ ಪುಟ ತೆಗೆದು ವ್ಯಾನ್ ಐಪಿ (ರೂಟರ್‌ಗೆ ನೆಟ್‌ನವರು ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದೇ ಪಬ್ಲಿಕ್ ಐಪಿಯನ್ನು ತುಂಬಾ ಮನೆಗಳಿಗೆ ಹಂಚಿರುತ್ತಾರೆ, ಹೊರಗಿನವರು ನೇರವಾಗಿ ನಿಮ್ಮ ಬಾಗಿಲಿಗೆ ಬರಲು ಆಗಲ್ಲ. ಆಗಲೂ ನೋಡ್ ಓಡುತ್ತೆ, ಆದರೆ ಹೊಸದಾಗಿ ಬರುವವರಿಗೆ ನಿಮ್ಮಿಂದ ಸಹಾಯ ಕಡಿಮೆ. ಕೇಬಲ್ ನೆಟ್‌ನವರನ್ನು ಕೇಳಿ, ಸ್ವಲ್ಪ ಜಾಸ್ತಿ ಕೊಟ್ಟರೆ ಸ್ಟ್ಯಾಟಿಕ್ ಐಪಿ ಕೊಡುವವರು ಇದ್ದಾರೆ. ಸಿಕ್ಕರೆ 30303 ಮತ್ತು 9000 ಪೋರ್ಟ್ ತೆರೆಯಿರಿ. ನೋಡ್‌ಗೆ ಆದೇಶ ಕೊಡುವ 8545 ಪೋರ್ಟ್ ಅನ್ನು ಮಾತ್ರ ಯಾವತ್ತೂ ಹೊರಗೆ ತೆರೆಯಬೇಡಿ. ಹೊರಗಿನಿಂದ ನಿಮ್ಮ ನೋಡ್ ಬಳಸಬೇಕು ಅಂದರೆ ವೈರ್‌ಗಾರ್ಡ್ ಅನ್ನುವ ವಿಪಿಎನ್ ಹಾಕಿಕೊಳ್ಳಿ.

ಮಂಜುಳಾ_ಇಇ (ಹರಿಹರ)

ಕರೆಂಟ್ ಲೆಕ್ಕ ನಾನು ಹೇಳುತ್ತೇನೆ. ಇಂಥ ಪಿಸಿ ಸರಾಸರಿ 80 ವ್ಯಾಟ್ ಎಳೆಯುತ್ತೆ ಅಂತ ಇಟ್ಟುಕೊಳ್ಳಿ. ಹಗಲು ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 58 ಯೂನಿಟ್. ಇದು ನೋಡಲು ಸಣ್ಣದು, ಆದರೆ ಮನೆ ಗೃಹಜ್ಯೋತಿಯಲ್ಲಿ ಇದ್ದರೆ ಹುಷಾರಾಗಿರಿ. ಅದರಲ್ಲಿ ನಿಮ್ಮ ಮನೆಯ ಹಳೆಯ ಸರಾಸರಿ ನೋಡಿ ಉಚಿತ ಯೂನಿಟ್ ನಿಗದಿ ಮಾಡಿರುತ್ತಾರೆ, ಅದನ್ನು ದಾಟಿದ್ದಕ್ಕೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲೇ ನಿಮ್ಮದು. ಮನೆಯಲ್ಲಿ ಈಗಾಗಲೇ 150 ಆಗುತ್ತಿದ್ದರೆ, ಈ ಒಂದು ಪಿಸಿಯಿಂದ ಗಡಿ ದಾಟುತ್ತೀರಿ. ಬೆಸ್ಕಾಂ ಬಿಲ್ ತೆಗೆದು ಮೊದಲು ಅದನ್ನು ನೋಡಿ, ಮನೆಯವರ ಹತ್ತಿರವೂ ಮಾತಾಡಿ.

ಐಪಿಎಫ್ಎಸ್ ಮಾತ್ರ ಸಾಕು ಅಂದರೆ ಇಂಟೆಲ್ ಎನ್100 ಇರುವ ಮಿನಿ ಪಿಸಿ ಒಳ್ಳೆಯದು. 15 ವ್ಯಾಟ್ ಹಿಡಿದರೂ ತಿಂಗಳಿಗೆ 11 ಯೂನಿಟ್ ಒಳಗೆ ಮುಗಿಯುತ್ತೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು ಗೊತ್ತಲ್ಲ. ಎನ್‌ವಿಎಂಇಗೆ ಹೀಟ್‌ಸಿಂಕ್ ಹಾಕಿಸಿ, ಕ್ಯಾಬಿನೆಟ್ ಧೂಳು ತೆಗೆಸುತ್ತಿರಿ. ಕರೆಂಟ್ ಹೋದಾಗ ಇನ್ವರ್ಟರ್‌ಗೆ ಬದಲಾಗುವ ಆ ಕ್ಷಣದಲ್ಲಿ ಪಿಸಿ ಆಫ್ ಆಗಿಬಿಟ್ಟರೆ ಡೇಟಾಬೇಸ್ ಕೆಡಬಹುದು, ಮತ್ತೆ ಮೊದಲಿಂದ ಸಿಂಕ್. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೆ ಹಾಕಿ. ರೂಟರ್‌ಗೂ ಬ್ಯಾಕಪ್ ಬೇಕು, ಅದನ್ನು ತುಂಬಾ ಜನ ಮರೆಯುತ್ತಾರೆ.

ಲೆಕ್ಕದವ (ದಾವಣಗೆರೆ)

ದುಡ್ಡು ಬರುತ್ತೆ ಅನ್ನುವುದು ಅರ್ಧ ಮಾತು. ಬರೀ ನೋಡ್ ಓಡಿಸಿದರೆ ಒಂದು ಪೈಸೆಯೂ ಬರಲ್ಲ. ವ್ಯಾಲಿಡೇಟರ್ (ಡೆಪಾಸಿಟ್ ಇಟ್ಟು ಬ್ಲಾಕ್‌ಗಳಿಗೆ ಸಹಿ ಹಾಕುವವರು) ಆದರೆ ಬರುತ್ತೆ, ಅದಕ್ಕೆ ಕನಿಷ್ಠ 32 ಈಥರ್ (ಎಥೀರಿಯಂ ನಾಣ್ಯ) ಡೆಪಾಸಿಟ್ ಇಡಬೇಕು. ಅದು ಒಂದು ಮನೆಗೆ ಸಣ್ಣ ಮೊತ್ತ ಅಲ್ಲ. ಕರೆಂಟ್ ಹೋಗಿ ಸ್ವಲ್ಪ ಹೊತ್ತು ಆಫ್‌ಲೈನ್ ಆದರೆ ದೊಡ್ಡ ನಷ್ಟವೇನಿಲ್ಲ, ಆ ಹೊತ್ತಿನಲ್ಲಿ ಬರಬೇಕಿದ್ದಷ್ಟು ಹೋಗುತ್ತೆ. ಆದರೆ ಸಹಿ ಹಾಕುವ ಒಂದೇ ಕೀಯನ್ನು ಎರಡು ಮೆಶಿನ್‌ನಲ್ಲಿ ಓಡಿಸಿದರೆ ಸ್ಲ್ಯಾಶ್ ಮಾಡಿ (ಡೆಪಾಸಿಟ್‌ನಲ್ಲಿ ಕಡಿತ ಮಾಡಿ) ನೆಟ್‌ವರ್ಕ್‌ನಿಂದ ಹೊರಗೆ ಹಾಕುತ್ತಾರೆ.

ಕ್ರಿಪ್ಟೋ ಮಾರಿ ಬಂದ ಲಾಭಕ್ಕೆ 2022ರ ಏಪ್ರಿಲ್‌ನಿಂದ 30% ತೆರಿಗೆ ಇದೆ, ಬೇರೆ ನಷ್ಟ ತೋರಿಸಿ ಅದನ್ನು ಕಡಿಮೆ ಮಾಡಿಕೊಳ್ಳುವ ಹಾಗೂ ಇಲ್ಲ. "ನೋಡ್ ಲೈಸೆನ್ಸ್ ತಗೊಳ್ಳಿ, ತಿಂಗಳು ತಿಂಗಳು ಬಾಡಿಗೆ ಥರ ಬರುತ್ತೆ" ಅಂತ ಯಾರಾದರೂ ವಾಟ್ಸ್‌ಆ್ಯಪ್‌ನಲ್ಲಿ ಹೇಳಿದರೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಎಥೀರಿಯಂ ನೋಡ್‌ಗೆ ಲೈಸೆನ್ಸ್ ಅನ್ನುವುದೇ ಇಲ್ಲ, ಸಾಫ್ಟ್‌ವೇರ್ ಎಲ್ಲಾ ಉಚಿತ.

ಬೆಣ್ಣೆನಗರಿ_ಪಿಸಿ

ಎಲ್ಲರಿಗೂ ಥ್ಯಾಂಕ್ಸ್. ಬಿಲ್ ತೆಗೆದು ನೋಡಿದೆ, ಗಡಿಗೆ ಹತ್ತಿರವೇ ಇದ್ದೇವೆ. ವ್ಯಾನ್ ಐಪಿ 100.70ರಿಂದ ಶುರುವಾಗುತ್ತೆ, ಅಂದರೆ ಸಿಜಿನ್ಯಾಟ್. ಹಾಗಾಗಿ ಎಥೀರಿಯಂ ಈಗ ಬೇಡ, ಮೊದಲು ಶಾಸನದ ಫೋಟೋ. ಐಪಿಎಫ್ಎಸ್‌ಗೂ ಸ್ಟ್ಯಾಟಿಕ್ ಐಪಿ ಬೇಕೇ?

ಕೋಟೆನಾಡು

ಬೇಕೇ ಬೇಕು ಅಂತಿಲ್ಲ. ಕುಬೋ ಅನ್ನುವ ಐಪಿಎಫ್ಎಸ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದು ಬೇರೆ ನೋಡ್‌ಗಳ ರಿಲೇ ಮೂಲಕ ದಾರಿ ಹುಡುಕುತ್ತೆ, ಐಪಿವಿ6 ಇದ್ದರೆ ಇನ್ನೂ ಸುಲಭ. ಡೀಫಾಲ್ಟ್ ಸಂಗ್ರಹ ಮಿತಿ 10 ಜಿಬಿ ಇರುತ್ತೆ, ಫೋಟೋ ಜಾಸ್ತಿ ಇದ್ದರೆ ಕಾನ್ಫಿಗ್‌ನಲ್ಲಿ ಏರಿಸಿ. ಹಾರ್ಡ್ ಡಿಸ್ಕ್ ಇಲ್ಲಿ ಧಾರಾಳವಾಗಿ ಆಗುತ್ತೆ. ಸದ್ಯಕ್ಕೆ ಪಿಸಿಯನ್ನು ಸಂಜೆ ಮಾತ್ರ ಆನ್ ಮಾಡಿದರೂ ಸರಿ.

ಒಂದು ಮಾತು ಚೆನ್ನಾಗಿ ತಿಳಿದುಕೊಳ್ಳಿ. ಐಪಿಎಫ್ಎಸ್‌ಗೆ ಹಾಕಿದ ಮಾತ್ರಕ್ಕೆ ಫೈಲ್ ಶಾಶ್ವತವಾಗಿ ಉಳಿಯಲ್ಲ. ಫೈಲಿನ ಒಳಗಿನ ಡೇಟಾದಿಂದಲೇ ಸಿಐಡಿ ಅನ್ನುವ ವಿಳಾಸ ಹುಟ್ಟುತ್ತೆ, ಒಂದು ಬಿಟ್ ಬದಲಾದರೂ ವಿಳಾಸವೇ ಬೇರೆ. ಶಾಸನದ ಫೋಟೋಗೆ ಇದು ತುಂಬಾ ಒಳ್ಳೆಯದು, ಯಾರೂ ಗೊತ್ತಾಗದಂತೆ ತಿದ್ದಲು ಆಗಲ್ಲ. ಆದರೆ ಯಾರಾದರೂ ಪಿನ್ ಮಾಡಿ (ಅಳಿಸಬಾರದು ಅಂತ ಗುರುತು ಹಾಕಿ) ಇಟ್ಟುಕೊಂಡರೆ ಮಾತ್ರ ಅದು ಉಳಿಯುವುದು. ನಿಮ್ಮ ಪಿಸಿ ಆಫ್ ಇದ್ದು ಬೇರೆ ಯಾರ ಹತ್ತಿರವೂ ಇಲ್ಲದಿದ್ದರೆ ಯಾರಿಗೂ ಸಿಗಲ್ಲ. ಮತ್ತೆ, ಒಮ್ಮೆ ಬೇರೆಯವರ ಕೈಗೆ ಹೋದದ್ದನ್ನು ವಾಪಸ್ ತೆಗೆಯಲು ಆಗಲ್ಲ, ಆದ್ದರಿಂದ ಗೆಳೆಯರ ಮುಖ ಇರುವ ಫೋಟೋಗಳನ್ನು ಬೇರೆ ಮಾಡಿ.

ನನ್ನ ಮೆಶಿನ್ ಹೇಗೂ ಯಾವಾಗಲೂ ಆನ್ ಇರುತ್ತೆ, ಕೋಟೆಯ ಫೋಟೋಗಳು ಅದರಲ್ಲೇ ಇವೆ. ಫೋಲ್ಡರ್ ಸೇರಿಸಿದ ಮೇಲೆ ಸಿಐಡಿ ಇಲ್ಲೇ ಹಾಕಿ, ನಿಮ್ಮದನ್ನು ನಾನು ಪಿನ್ ಮಾಡುತ್ತೇನೆ. ನನ್ನದನ್ನು ನೀವು ಮಾಡಿ.

ಮಂಜುಳಾ_ಇಇ

ಹರಿಹರದ್ದು ಅಂದಮೇಲೆ ನಾನೂ ಪಿನ್ ಮಾಡುತ್ತೇನೆ. ಪ್ರತಿ ಫೋಟೋ ಜೊತೆ ಶಾಸನ ಗುಡಿಯ ಯಾವ ಭಾಗದಲ್ಲಿದೆ, ಯಾವಾಗ ತೆಗೆದದ್ದು ಅಂತ ಒಂದು ಟೆಕ್ಸ್ಟ್ ಫೈಲ್ ಇಡಿ. ಆಮೇಲೆ ಸೇರಿಸಿದರೆ ಫೋಲ್ಡರಿನ ಸಿಐಡಿ ಬದಲಾಗುತ್ತೆ, ಹಾಗಾಗಿ ಹಾಕುವ ಮೊದಲೇ ಬರೆದುಬಿಡಿ.